ಬೆನ್ನ ಹಿಂದೆ ತಿರುಗುವ ಕತ್ತುಗಳು

ವಿಡಿಯೊದಲ್ಲಿ ನಾನಿಲ್ಲ. ಬೋರ್ಡಿನ ಮೇಲೆ ನನ್ನ ಸೀಮೆಸುಣ್ಣದ ಸದ್ದು ಮಾತ್ರ ಕೇಳುತ್ತಿದೆ, ಮಕ್ಕಳು ಬರೆಯುತ್ತಿದ್ದಾರೆ. ಇದ್ದಕ್ಕಿದ್ದಂತೆ ಇಡೀ ತರಗತಿ ಒಟ್ಟಿಗೆ ಕತ್ತು ಹೊರಳಿಸಿ ಕಿಟಕಿಯಾಚೆ ನೋಡುತ್ತದೆ. ಒಂದು ಮಗುವೂ ಪಿಟ್ಟೆನ್ನುವುದಿಲ್ಲ. ನಾನು ತಿರುಗುವಷ್ಟರಲ್ಲಿ ಎಲ್ಲ ಮುಖಗಳೂ ಪುಸ್ತಕದ ಮೇಲೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಇದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ವಿಜ್ಞಾನದ ಟೀಚರು ದೆವ್ವಕ್ಕೆ ಹೆದರಿದಳೆಂದು ಯಾರಿಗೆ ಹೇಳಲಿ?

ಮೊಬೈಲನ್ನು ಮೇಜಿನ ಮೇಲಿಟ್ಟು ಮಕ್ಕಳನ್ನು ಗಮನಿಸು ಎಂದವರು ರಜಿಯಾ ಮೇಡಂ. ಶಿರಾದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ನಮ್ಮಂಥ ಹೊಸ ಶಿಕ್ಷಕರನ್ನು ಶನಿವಾರ ಸಂಜೆ ಫೋನಿನಲ್ಲೇ ಸೇರಿಸಿಕೊಂಡು ತಿದ್ದುತ್ತಾರೆ. ಅವರ ಮುಂದೆ ನಾನು ಗೋಳಾಡಿದ್ದೆ. 'ಅರ್ಥ ಆಯ್ತಾ' ಎಂದರೆ ಮಕ್ಕಳು ಒಂದೇ ಸ್ವರದಲ್ಲಿ 'ಆಯ್ತು ಮಿಸ್' ಎನ್ನುತ್ತಾರೆ, ನಾನು ಬಂದಾಗಿನಿಂದ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಕುಂದಾಪುರದಲ್ಲಿ ಅಣ್ಣ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ನೋಡಿಟ್ಟಿದ್ದಾನೆ, ದಸರೆಗೆ ಬಿಟ್ಟು ಹೋಗುತ್ತೇನೆ ಎಂದಿದ್ದೆ. "ಹೋಗು ಬೇಟಿ, ಯಾರು ಹಿಡ್ಕೊಂಡವ್ರೆ? ಹೋಗೋ ಮುಂಚೆ ಮಕ್ಕಳ್ನ ಒಂದ್ಸಲ ಸರಿಯಾಗಿ ನೋಡು" ಎಂದರು.

ನಮ್ಮ ಕುಂದಾಪುರದಲ್ಲಿ ಕಿಟಕಿ ತೆರೆದರೆ ತೆಂಗು, ಅದರಾಚೆ ಕಡಲು. ಇಲ್ಲಿ ಪಾವಗಡದ ವಳ್ಳೂರಿನ ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು, ನಡುವೆ ನರಪಿಳ್ಳೆಯಿಲ್ಲ. ಮುದ್ದೆಯನ್ನು ಅಗಿಯದೆ ನುಂಗಲು ಮನೆಯೊಡತಿ ಕಲಿಸಿದರು. ಅದೊಂದೇ ನನ್ನ ಗೆಲುವು. ಮಾತಿನಲ್ಲಿ ಅರ್ಧ ತೆಲುಗು. ಮಬ್ಬು ಎಂದರೆ ಇವರಿಗೆ ಮೋಡ. ಭಾನುವಾರ ಮಾತಿಗೆ ಯಾರೂ ಸಿಗದೆ ಗೋಡೆಗೆ ಬೀಜಗಣಿತ ಹೇಳಿಕೊಟ್ಟದ್ದೂ ಇದೆ.

ವಿಡಿಯೊ ನೋಡಿದ ಮೇಡಂ, ಗದರಬೇಡ, ಅವರನ್ನೇ ಕೇಳು ಎಂದರು. ಸೋಮವಾರ ಕೇಳಿದೆ. ಕಿಟಕಿ ಪಕ್ಕದ ನಾಗವೇಣಿ ಎದ್ದಳು. "ಸದ್ದು ನಿಂತೋದ್ರೆ ಮಬ್ಬು ಬತ್ತೈತೆ ಮಿಸ್. ಅದ್ಕೇ ನೋಡ್ತೀವಿ."

ಯಾವ ಸದ್ದು ಎಂದೆ. ಅವಳು ತುಟಿಗೆ ಬೆರಳಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದೆವು. ಆಗ ಕೇಳಿಸಿತು: ಬೇಲಿಯಾಚೆ, ಹಲಗೆಗಳ ಕರೆಂಟು ಬಂದು ಸೇರುವ ಯಂತ್ರದ ಕೋಣೆಯಿಂದ ಸಣ್ಣ ಗುಂಯ್ ಸದ್ದು. ನಾನು ಬಂದ ದಿನದಿಂದಲೂ ಇದ್ದಿರಬೇಕು. ನೋಡನೋಡುತ್ತ ಅದು ಕುಗ್ಗಿ ಅಡಗಿತು. ಆಮೇಲೆ ದೂರದಿಂದ ಒಂದು ನೆರಳು ಹಲಗೆಗಳ ಮೇಲೆ ಹರಿದು ಬಂತು, ಆಟದ ಬಯಲು ದಾಟಿತು, ಕಿಟಕಿಯಿಂದ ಒಳಗೆ ಬಂದು ನಮ್ಮೆಲ್ಲರ ಮುಖ ಕಪ್ಪಾಗಿಸಿತು. ದೂರದ ಹಲಗೆಗಳಿಗೆ ಮೊದಲು ಮೋಡ ಕವಿದು ಕರೆಂಟು ಕುಗ್ಗಿದ್ದೇ ಕಾರಣವೆಂದು ಗೊತ್ತಿದ್ದೂ ನನಗೆ ಭಯವಾಯಿತು.

ಬಿಸಿಲು ಮರಳಿದ ಮೇಲೆ ಬಿಸಿಲಿನಿಂದ ನಡೆಯುವ ನನ್ನ ಕ್ಯಾಲ್ಕುಲೇಟರ್ ತೆಗೆದು, ಅದರ ಕಪ್ಪು ಪಟ್ಟಿಯನ್ನು ಬೆರಳಿನಿಂದ ಮುಚ್ಚಿದೆ. ಅಂಕಿಗಳು ಮಾಸಿ ಹೋದವು. ಬೆರಳು ತೆಗೆದೆ, ಮತ್ತೆ ಬಂದವು. ಅದು ಕೈಯಿಂದ ಕೈಗೆ ಹೋಯಿತು. ಮುಚ್ಚಿದ್ದೇ ಮುಚ್ಚಿದ್ದು, ತೆರೆದದ್ದೇ ತೆರೆದದ್ದು. ಮೊದಲ ಸಲ ತರಗತಿಯಲ್ಲಿ ಗದ್ದಲವಾಯಿತು. ಇನ್ನೇನು ಪ್ರಶ್ನೆ ಬರುತ್ತದೆ ಎಂದು ನಾನು ಹಿಗ್ಗಿದೆ.

ಬಂತು. ನಾಗವೇಣಿಯೇ ಕೇಳಿದಳು. "ಮುಂಚೆ ಬಂದಿದ್ ಮಿಸ್ಸುಗಳೂ ಇಂಗೇ ಚೆನ್ನಾಗ್ ಏಳ್ಕೊಟ್ಟು ಓಗ್ಬುಟ್ರು. ನೀವೂ ಓಗ್ಬುಡ್ತೀರಾ?"

ಗದ್ದಲ ನಿಂತಿತು. ಈಗ ಯಾರೂ ಕಿಟಕಿ ನೋಡುತ್ತಿರಲಿಲ್ಲ. ಮನಸ್ಸು ಯೋಚಿಸುವ ಮೊದಲೇ ಬಾಯಿ 'ಇಲ್ಲ' ಎಂದುಬಿಟ್ಟಿತು. ಮಕ್ಕಳೆಲ್ಲ ಒಂದೇ ಸ್ವರದಲ್ಲಿ 'ಆಯ್ತು ಮಿಸ್' ಎಂದರು. ನಂಬಿಲ್ಲವೆಂದು ತಿಳಿಯಿತು.

ಸಂಜೆಯೇ ಅಮ್ಮನಿಗೆ ಫೋನು ಮಾಡಿದೆ. ಆ ಕೆಲಸ ಬೇಡವೆಂದು ಅಣ್ಣನಿಗೆ ಹೇಳಿಬಿಡು, ದಸರೆಗೆ ನಾಲ್ಕು ದಿನ ಮನೆಗೆ ಬರುತ್ತೇನೆ ಎಂದೆ.

"ನಾಕ್ ದಿನಕ್ ಬಂದ್ ಹೋಪವ್ರಿಗೆ ನೆಂಟ್ರ್ ಅಂಬ್ರ್, ಮಗಾ" ಎಂದಳು ಅಮ್ಮ.