ವಿದ್ಯಾವತಿಯವರ ಗಾಡಿ ಟ್ರಕ್ಕೋ ಮನೆಯೋ

ಟೆಕ್ಸಾಸಿನ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ವಿದ್ಯಾವತಿಯವರ ಮೋಟರ್‌ಹೋಮಿನಲ್ಲಿ, ಅಂದರೆ ಅಡುಗೆಮನೆ ಹಾಸಿಗೆಗಳಿರುವ ಬಸ್ಸಿನಂಥ ಗಾಡಿಯಲ್ಲಿ, ಊಟದ ಮೇಜು ಇರಬೇಕಾದ ಕಡೆ ಎರಡು ಹೊಲಿಗೆ ಯಂತ್ರಗಳಿದ್ದವು. ಹ್ಯೂಸ್ಟನ್ನಿನಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಅಂಗಡಿಗಳು ಬೇಕಾದಷ್ಟಿದ್ದರೂ ರೇಷ್ಮೆ ಸೀರೆಯ ಬ್ಲೌಸಿಗೆ ಸರಿಯಾಗಿ ತೋಳು ಕೂಡಿಸುವವರು ಅಪರೂಪ. ಧಾರವಾಡದಲ್ಲಿ ಚಿಕ್ಕಮ್ಮನಿಂದ ಆ ಕೆಲಸ ಕಲಿತಿದ್ದ ವಿದ್ಯಾವತಿಯವರು ಐವತ್ನಾಲ್ಕನೆಯ ವಯಸ್ಸಿನಲ್ಲಿ ಈ ಹಳೆಯ ಗಾಡಿ ಕೊಂಡು, ತಿಂಗಳಿಗೊಮ್ಮೆ ಆಸ್ಟಿನ್ ಕಡೆಯ ಸೀಡರ್ ಪಾರ್ಕ್, ಡಾಲಸ್ ಕಡೆಯ ಲೂಯಿಸ್‌ವಿಲ್ ಸುತ್ತಿ ಬರತೊಡಗಿದರು. ದೊಡ್ಡ ಗಾಡಿಯನ್ನು ಕೆರೆಯ ದಂಡೆಯ ಕ್ಯಾಂಪಿನಲ್ಲಿ ನಿಲ್ಲಿಸುವುದು, ಅದರ ಹಿಂದೆ ಎಳೆದು ತಂದ ಸಣ್ಣ ಕಾರಿನಲ್ಲಿ ಮನೆಮನೆಗೆ ಹೋಗಿ ಅಳತೆ ತೆಗೆಯುವುದು.

2016ರ ಮೇ ತಿಂಗಳಲ್ಲಿ ಲೂಯಿಸ್‌ವಿಲ್‌ನ ನಳಿನಿಯ ಗೃಹಪ್ರವೇಶವಿತ್ತು. ಅದಕ್ಕೆಂದು ವಿದ್ಯಾವತಿಯವರು ಹೊಲಿದ ಬ್ಲೌಸ್ ತಲುಪುವ ಹೊತ್ತಿಗೆ ಪೂಜೆ ಮುಗಿದು ಎಲೆ ಹಾಕಿದ್ದರು. ನಳಿನಿ ಹಳೆಯ ಬ್ಲೌಸಿನಲ್ಲೇ ಪೂಜೆಗೆ ಕೂತಿದ್ದಳು.

"ಪರವಾಗಿಲ್ಲ ಬಿಡಿ ಆಂಟಿ. ಟ್ರಾಫಿಕ್ ಇತ್ತಾ?"

"ಎರಡು ಲೇನ್ ತುಂಬ ಟ್ರಕ್ಕ ನಿಂತಿದ್ವು. ಎಡಗಡೆ, ಜೋರ ಹೋಗೋರ ಲೇನ್ ಖಾಲಿ ಇತ್ತು. ಆದ್ರ ಟ್ರಕ್ ಅಲ್ಲಿ ಹೋಗಬಾರದಂತ ಬೋರ್ಡ್ ಅದ ಅಲ್ಲವಾ."

"ನಿಮ್ದು ಟ್ರಕ್ಕಾ ಆಂಟಿ?"

ನಳಿನಿ ಸುಮ್ಮನೆ ಕೇಳಿದ್ದಳು. ವಿದ್ಯಾವತಿಯವರಿಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷದಿಂದ ಓಡಿಸುತ್ತಿದ್ದರೂ ಗಾಡಿ ದೊಡ್ಡದೆಂಬ ಒಂದೇ ಕಾರಣಕ್ಕೆ ಅವರು ಟ್ರಕ್ಕುಗಳ ಹಿಂದೆ ಹೋಗುತ್ತಿದ್ದರು.

ಮನೆಗೆ ಬಂದು ಗಂಡ ಚನ್ನಮಲ್ಲಪ್ಪನವರನ್ನು ಕೇಳಿದರು. "ರೀ, ನಮ್ಮ ಗಾಡಿ ಟ್ರಕ್ ಏನ್ರಿ?"

"ಟ್ರಕ್ಕ ಅಂತನ ತಿಳ್ಕೋ. ಬಲಕ್ಕ ಹೋದವ್ರಿಗೆ ಯಾರೂ ದಂಡ ಹಾಕೂದಿಲ್ಲ."

ಅದು ಅವರಿಗೆ ಉತ್ತರವೆನಿಸಲಿಲ್ಲ. ಮುಂದಿನ ಸಲ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದಲ್ಲಿ ಒಬ್ಬ ಟ್ರಕ್ ಡ್ರೈವರನನ್ನೇ ಕೇಳಿದರು. ನಿಷೇಧ ಇರುವುದು ಮೂರು ಆಕ್ಸಲ್ ಅಥವಾ ಅದಕ್ಕಿಂತ ಹೆಚ್ಚಿರುವ ಟ್ರಕ್ಕಿಗೆ ಎಂದು ಅವನು ಹೇಳಿದ. ಆಮೇಲೆ ಗಾಡಿಯ ಪಕ್ಕ ಬಗ್ಗಿ, ಮುಂದಿನ ಚಕ್ರಗಳ ಅಚ್ಚು ಒಂದು, ಹಿಂದಿನದು ಒಂದು ಎಂದು ಬೆರಳು ಮಡಿಸುತ್ತ ಹೋದ. ಹಿಂದೆ ಕಟ್ಟಿದ ಕಾರನ್ನು ನೋಡಿ ನಿಂತ.

"ಇದರದ್ದು ಸೇರಿದರೆ ನಾಲ್ಕು. ಸೇರಿಸಬೇಕೋ ಬೇಡವೋ ನನಗೆ ಗೊತ್ತಿಲ್ಲ," ಎಂದ.

ಈಗ ಒಂದು ಪ್ರಶ್ನೆ ಎರಡಾಯಿತು. ವಿದ್ಯಾವತಿಯವರು ಗಾಡಿಯೊಳಗೇ ಕೂತು ರಸ್ತೆ ಇಲಾಖೆಗೆ ಫೋನ್ ಮಾಡಿದರು. ಎತ್ತಿಕೊಂಡ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಗಾಡಿ ಸಾಮಾನು ಸಾಗಿಸುವುದಕ್ಕೋ ಜನ ಇರುವುದಕ್ಕೋ ಎಂದು ಕೇಳಿದಳು. ವಿದ್ಯಾವತಿಯವರು ಯಂತ್ರಗಳ ಕಡೆ, ಲೈನಿಂಗ್ ಬಟ್ಟೆಯ ಸುರುಳಿಗಳ ಕಡೆ, ಕೊನೆಗೆ ಮೂಲೆಯ ಹಾಸಿಗೆಯ ಕಡೆ ನೋಡಿದರು.

"ಎರಡಕ್ಕೂ," ಎಂದರು. ಸುಳ್ಳು ಹೇಳಿ ಪಡೆದ ಉತ್ತರದಿಂದ ತಮಗೇನು ಉಪಯೋಗ ಎಂದು ಅವರಿಗೆ ಅನಿಸಿತ್ತು.

ಆ ಹೆಂಗಸು ಅವರ ನಂಬರ್ ಬರೆದುಕೊಂಡು, ವಿಚಾರಿಸಿ ತಿಳಿಸುತ್ತೇನೆ ಎಂದಳು. ಒಂಬತ್ತು ದಿನದ ಮೇಲೆ ತಾನಾಗಿಯೇ ಫೋನ್ ಮಾಡಿದಳು. ಮುಖ್ಯವಾಗಿ ಸಾಮಾನು ಸಾಗಿಸಲೆಂದು ಮಾಡಿದ ಗಾಡಿ ಮಾತ್ರ ಟ್ರಕ್ಕು. ಇದು ಜನ ಇರಲು ಮಾಡಿದ್ದು. ಹೊಲಿಗೆ ಯಂತ್ರ ಇಟ್ಟ ಮಾತ್ರಕ್ಕೆ ಟ್ರಕ್ ಆಗುವುದಿಲ್ಲ, ಟ್ರಕ್ಕೇ ಅಲ್ಲದ ಮೇಲೆ ಹಿಂದಿನ ಕಾರಿನ ಆಕ್ಸಲ್ ಎಣಿಸಬೇಕಿಲ್ಲ ಎಂಬುದು ತಮ್ಮ ಕಚೇರಿಯವರ ಅಭಿಪ್ರಾಯ ಎಂದಳು. ಆದರೂ ಆಯಾ ರಸ್ತೆಯ ಬೋರ್ಡಿನಲ್ಲಿ ಏನು ಬರೆದಿದೆಯೋ ಅದನ್ನು ಓದಿಕೊಳ್ಳಿ, ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿ ಮತ್ತೆ ಕೇಳಿ ಎಂದೂ ಸೇರಿಸಿದಳು.

ಡ್ರೈವ್ ಮಾಡುತ್ತ ಬೋರ್ಡ್ ಓದಿ ಬರೆದುಕೊಳ್ಳಲು ಆಗುವುದಿಲ್ಲವಲ್ಲ. ಹಾಗಾಗಿ ಆ ತಿಂಗಳು ಚನ್ನಮಲ್ಲಪ್ಪನವರು ರಜೆ ಹಾಕಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತರು. ಮಡಿಲಲ್ಲಿ ನೋಟ್‌ಬುಕ್. ಬಂದ ಬೋರ್ಡುಗಳನ್ನೆಲ್ಲ ದೊಡ್ಡದಾಗಿ ಓದುತ್ತಿದ್ದರು, ಬರೆಯುತ್ತಿದ್ದರು. ಆಸ್ಟಿನ್ ಇನ್ನೂ ನಲವತ್ತು ಮೈಲಿ ಇರುವಾಗ ಜಲ್ಲಿ ತುಂಬಿದ ಟ್ರಕ್ಕೊಂದು ಮುಂದೆ ನಿಧಾನವಾಗಿ ಹೋಗುತ್ತಿತ್ತು.

"ಬೋರ್ಡಿನ್ಯಾಗ ಟ್ರಕ್ಕಂತ ಬರದಾರ. ಟ್ರಕ್ಕಂತ ಅಷ್ಟ," ಎಂದರು ಚನ್ನಮಲ್ಲಪ್ಪ.

"ಖರೇನಾ? ಇನ್ನೊಮ್ಮೆ ಓದ್ರಿ."

"ಓದೇನಿ. ಹೋಗು ನೀ."

ವಿದ್ಯಾವತಿಯವರು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಎಡಕ್ಕೆ ಸರಿದರು. ಟ್ರಕ್ಕಿನ ಪಕ್ಕ ಬಂದಾಗ ಗಾಳಿ ಇಡೀ ಗಾಡಿಯನ್ನು ತಳ್ಳಿತು. ಡಬ್ಬಿಯಲ್ಲಿದ್ದ ಹುಕ್ಕುಗಳು ಗಲಗಲ ಅಂದವು. ದಾಟಿ, ಮತ್ತೆ ಮಧ್ಯದ ಲೇನಿಗೆ ಬಂದ ಮೇಲೆ ಚನ್ನಮಲ್ಲಪ್ಪನವರು ನೋಟ್‌ಬುಕ್ ಮುಚ್ಚಿದರು.

"ಹೆಂಗಾತು?" ಎಂದರು ಅವರು.

"ಅಂಜಿಕಿ ಬಂತ್ರಿ. ಆದ್ರ ಮತ್ತ ಹೋಗತೀನಿ," ಎಂದರು ವಿದ್ಯಾವತಿ.

ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆ ಮುಂಚೆಯೇ ಸೀಡರ್ ಪಾರ್ಕ್ ತಲುಪಿದರು. ಬ್ಲೌಸ್ ಹೊಲಿಸಲು ಸೀರೆ ಕೊಡಬೇಕಿದ್ದ ಅಲ್ಲಿನ ಗಿರಾಕಿ ಶ್ರಾವಣಿ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ವಿದ್ಯಾವತಿಯವರು ಗಾಡಿಯೊಳಗೇ ಚಹಾ ಕಾಯಿಸಿ ಗಂಡನಿಗೆ ಕೊಟ್ಟು, ಕಿಟಕಿಯ ಬೆಳಕಿಗೆ ಕೂತು ಯಾರದೋ ಸೀರೆಗೆ ಫಾಲ್ಸ್ ಹಚ್ಚತೊಡಗಿದರು.