ಹುಬ್ಬಳ್ಳಿಯಿಂದ ಬರುತ್ತಿದ್ದ ಮೆಕ್ಯಾನಿಕ್

ಹಾವೇರಿ ಜಿಲ್ಲೆಯಾದ ಹೊಸದರಲ್ಲಿ ಊರ ತುಂಬ ಹೊಸ ಬೋರ್ಡುಗಳು ಏಳುತ್ತಿದ್ದವು. ನಮ್ಮಪ್ಪ ಬೋರ್ಡು ಬರೆಯುವ ಪೇಂಟರ್. ಕೆಲವು ವರ್ಷಗಳ ನಂತರ ಕೈ ನಡುಗಲು ಶುರುವಾದಾಗ ಬ್ರಶ್ ಕೆಳಗಿಟ್ಟು, ಎಲ್ಲಿಂದಲೋ ಹಳೆಯದೊಂದು ಫ್ಲೆಕ್ಸ್ ಪ್ರಿಂಟರ್ ತಂದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಮಗಳು ನಾನೇ ಅದನ್ನು ನಡೆಸಬೇಕಾಯಿತು.

ಮೊದಲ ತಿಂಗಳೇ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಬ್ಯಾನರ್ ಕೆಟ್ಟಿತು. ಕೆಂಪು ರಾಶಿಯ ಮೇಲೆಲ್ಲ ಅಡ್ಡಡ್ಡ ಹಳದಿ ಗೆರೆ. ಅಪ್ಪ ಹುಬ್ಬಳ್ಳಿಗೆ ಫೋನ್ ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಮೆಕ್ಯಾನಿಕ್ ಬಂದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಬಂದವನೇ ಯಂತ್ರ ಬಿಚ್ಚಲಿಲ್ಲ. ಪರೀಕ್ಷೆಯ ಪ್ರಿಂಟೊಂದನ್ನು ತೆಗೆದು ನನ್ನ ಮುಂದೆ ಹಿಡಿದ.

"ನೀವ ನೋಡಿ ಹೇಳ್ರಿ. ಯಾವ ಬಣ್ಣದಾಗ ಗೆರಿ ಹರದಾವು?"

"ಗುಲಾಬಿ ಒಳಗ್ರಿ."

"ಹಾಂ. ಅಂದ್ರ ಆ ಬಣ್ಣದ ಮಸಿ ಚಿಮ್ಮೋ ಹೆಡ್ಡಿನ ತೂತು ಕಟ್ಕೊಂಡಾವು. ಬಟ್ಟಿಗೆ ಸಾಲ್ವೆಂಟ್ ಹಚ್ಚಿ ಹಗೂರಕ ಒತ್ರಿ. ತಿಕ್ಕಬ್ಯಾಡ್ರಿ."

ಅಪ್ಪನಿಗೂ ಕೊಡದೆ ಬಟ್ಟೆಯನ್ನು ನನ್ನ ಕೈಗೇ ಕೊಟ್ಟಿದ್ದ. ಅದುವರೆಗೆ ಯಾರೂ ನನಗೆ ಕೆಲಸವೆಂದು ಏನನ್ನೂ ಕಲಿಸಿರಲಿಲ್ಲ.

ಬೇಸಿಗೆಯ ಒಣ ಹವೆಗೆ ಫ್ಲೆಕ್ಸ್ ಮೇಲೆ ಕರೆಂಟು ಕೂತು, ಅಕ್ಷರದ ಅಂಚಿನಲ್ಲಿ ಮಸಿ ಹೊಗೆಯಂತೆ ಹರಡಿತು. ಅವನು ಬಂದು, ಯಂತ್ರದ ಹಿಂದೆ ಸಡಿಲಾಗಿದ್ದ ಅರ್ಥಿಂಗ್ ತಂತಿಯನ್ನು ನನ್ನಿಂದಲೇ ಬಿಗಿ ಮಾಡಿಸಿದ. ಮತ್ತೊಮ್ಮೆ ಪಟ್ಟಿಪಟ್ಟಿಯಾಗಿ ಕಪ್ಪು ಗೆರೆ ಬಂದಾಗ, ಫ್ಲೆಕ್ಸ್ ಮುಂದೆ ಸರಿಯುವ ಅಳತೆಯನ್ನು ಕೂದಲೆಳೆಯಷ್ಟು ಹೆಚ್ಚಿಸುವುದನ್ನು ತೋರಿಸಿದ. ಕೆಲಸ ಮುಗಿದ ಮೇಲೆ ಚಹಾ. ಕರ್ಜಗಿಯಲ್ಲಿದ್ದ ಅವನ ಅವ್ವನ ಸುದ್ದಿ, ನನ್ನ ಕಾಲೇಜಿನ ಸುದ್ದಿ. ಅಷ್ಟೇ ಮಾತು. ಆದರೂ ಯಂತ್ರ ಕೆಟ್ಟ ದಿನ ನಾನು ಒಳ್ಳೆಯ ಸೀರೆ ಉಡುತ್ತಿದ್ದೆ.

ವರ್ಷ ಕಳೆಯುವುದರೊಳಗೆ ಎಲ್ಲ ದೋಷವೂ ನನಗೇ ತಿಳಿಯತೊಡಗಿತು. ಅಪ್ಪ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಮೂರು ತಿಂಗಳು ಹುಬ್ಬಳ್ಳಿಗೆ ಫೋನ್ ಹೋಗಲಿಲ್ಲ. ಒಂದು ಬೆಳಿಗ್ಗೆ ಮತ್ತೆ ಅದೇ ಗೆರೆ ಕಂಡಿತು. ಸರಿಮಾಡಲು ಹತ್ತು ನಿಮಿಷ ಸಾಕಿತ್ತು. ನಾನು ಫೋನ್ ಎತ್ತಿಕೊಂಡೆ.

ಅವನು ಬಂದು ಪ್ರಿಂಟ್ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದು ನಿಮಗ ಬರ್ತದಲ್ರಿ?"

"ಮರತೇನ್ರಿ," ಎಂದೆ.

ಅವನು ನಗಲಿಲ್ಲ. ಹೆಡ್ಡನ್ನು ನಿಧಾನವಾಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ. "ಕಂಪನಿಯವ್ರು ನನ್ನ ಬೆಳಗಾವಿಗೆ ಹಾಕ್ಯಾರ್ರಿ. ಮುಂದಿನ ತಿಂಗಳಿಂದ ಈ ಕಡಿಗೆ ಬ್ಯಾರೆಯವ್ರು ಬರ್ತಾರ," ಎಂದ.

ಏನೇನೋ ಹೇಳಬೇಕೆನಿಸಿತು. ಅಪ್ಪ ಎದುರಿಗೇ ಕುಳಿತಿದ್ದರು. "ಚಹಾ ತರಸ್ಲೇನ್ರಿ?" ಎಂದೆ. ಅವನು ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಬಸ್ಸಿಗೆ ಹೋದ.

ಹೊಸ ಮೆಕ್ಯಾನಿಕ್‌ನನ್ನು ನಾನು ಒಮ್ಮೆಯೂ ಕರೆಸಲಿಲ್ಲ. ಮರುವರ್ಷ ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ಒಳ್ಳೆಯ ಮನೆ, ಒಳ್ಳೆಯ ಜನ. ಕೊರತೆಯೆಂದು ಹೇಳುವಂಥದ್ದೇನೂ ಇರಲಿಲ್ಲ. ಆದರೂ ಬೆಳಗಾವಿ ಎಂದು ಬರೆದ ಬಸ್ಸು ಕಂಡರೆ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ ಆಮೇಲೆ ರಸ್ತೆ ದಾಟುತ್ತಿದ್ದೆ.