ಸ್ಟುಡಿಯೋ ಕಾಕಾ ತೋರಿಸಿದ ಚಂದ್ರ

ಮೊನ್ನೆ ಅಟ್ಟದಿಂದ ಕ್ಯಾಮೆರಾ ಚೀಲ ಇಳಿಸಿದಾಗ ಹಳೆಯ ಚರ್ಮ, ನುಸಿಗುಳಿಗೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಸೇಡಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ಟುಡಿಯೋ ಕಾಕಾ ನೆನಪಾದರು. ಮೊಬೈಲು ಬಂದು ಸ್ಟುಡಿಯೋ ಮುಚ್ಚಿದ ಮೇಲೂ ಕ್ಯಾಮೆರಾ ಒರೆಸಿಡುವುದನ್ನು ಅವರು ಬಿಟ್ಟಿರಲಿಲ್ಲ.

ಆಗ ನಾನು ಹೊಸದಾಗಿ ದುರ್ಬೀನು ತರಿಸಿದ್ದೆ. ಎತ್ತ ತಿರುಗಿಸಿದರೂ ಬರೀ ಕತ್ತಲು. ಕಾಂಪೌಂಡಿನ ಆಚೆಯಿಂದ ನನ್ನ ಒದ್ದಾಟ ನೋಡಿದ ಕಾಕಾ, "ಮೊದಲ ಹಗಲಿನ್ಯಾಗ ಕೋಡ್ಲಾದ ಚಿಮಣಿ ಹಿಡಿ ಯವ್ವಾ. ಅದೇನು ಓಡಿ ಹೋಗಂಗಿಲ್ಲ" ಎಂದರು. ಮರುದಿನ ಮಾಳಿಗೆಯ ಮೇಲೆ ಕೂತು, ದುರ್ಬೀನಿನಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ಹಿಡಿದು, ಅದರ ಬೆನ್ನಿಗಿದ್ದ ಪುಟ್ಟ ಗುರಿಕೊಳವೆಯಲ್ಲೂ ಅದೇ ಚಿಮಣಿ ಕಾಣುವಂತೆ ಹೊಂದಿಸಿದೆವು. ಸಂಜೆಗೆ ಅರ್ಧಚಂದ್ರ ತಾನಾಗಿ ಸಿಕ್ಕ.

ಹೆಂಡತಿ ಕಾಕುಗೂ ಚಂದ್ರನನ್ನು ತೋರಿಸಬೇಕೆಂದು ಕಾಕಾನ ಆಸೆ. ಕಾಕುಗೆ ಬೆನ್ನುನೋವು, ಬಗ್ಗಿ ಕಣ್ಣಿಡಲು ಆಗದು. "ಕ್ಯಾಮೆರಾ ಹಚ್ಚೋಣು. ಕುರ್ಚಿ ಮ್ಯಾಲ ಕುಂತs ನೋಡ್ತಾಳ" ಎಂದು ಅವರ ಅಂಗಳದಲ್ಲೇ ದುರ್ಬೀನು ಹೂಡಿಸಿದರು. ಕಣ್ಣಿಡುವ ಮಸೂರ ತೆಗೆದು, ಆ ಜಾಗಕ್ಕೆ ಲೋಹದ ಬಳೆಯೊಂದರಿಂದ ಕ್ಯಾಮೆರಾ ಕೂಡಿಸಿದರು. ಭಾರಕ್ಕೆ ಹಿಂಬದಿ ಕುಸಿದು ದುರ್ಬೀನು ಬಾಯಿ ಮೇಲೆತ್ತಿತು. ಕಾಕಾ ಅಡುಗೆಮನೆಯಿಂದ ತೊಗರಿಬೇಳೆಯ ಚೀಲ ತಂದು ಮುಂದಿನ ತುದಿಗೆ ಕಟ್ಟಿದರು.

"ನನ್ನ ಬ್ಯಾಳಿ ಯಾಕ ತೂಗು ಹಾಕ್ಲಿಕತ್ತೀರಿ?" ಕಾಕು ರೇಗಿದರು.

"ಚಂದಪ್ಪನ ತೂಗ್ಲಿಕತ್ತೀನಿ, ಸುಮ್ಮ ಕುಂದ್ರು."

ಕ್ಯಾಮೆರಾದ ಪರದೆಯ ಮೇಲೆ ಚಂದ್ರ ಮೂಡಿದ, ಮೈತುಂಬ ಕುಳಿಗಳೊಂದಿಗೆ. ಕಾಕು ನೋಡುತ್ತಲೇ ಇದ್ದರು... ಬಾಲ್ಯದ ಸಿಡುಬು ಅವರ ಮುಖದ ತುಂಬ ಗುರುತು ಬಿಟ್ಟಿತ್ತು. ಊರಿನ ಮದುಮಕ್ಕಳ ಫೋಟೋ ತೆಗೆದ ಗಂಡನಿಗೆ ಅವರು ತಮ್ಮದನ್ನು ಒಮ್ಮೆಯೂ ತೆಗೆಯಗೊಟ್ಟಿರಲಿಲ್ಲ.

"ಚಂದಪ್ಪಗೂ ಮೈಲಿ ಎದ್ದಿತ್ತೇನ್ರಿ?"

"ಎದ್ದಿತ್ತು ಕಾಣ್ತದ. ಆದ್ರೂ ಮಾರಿ ಮುಚ್ಕೊಂಡಿಲ್ಲ ನೋಡು."

ಕಾಕು ನಕ್ಕುಬಿಟ್ಟರು. ಆಮೇಲೆ ಸೆರಗು ಸರಿಪಡಿಸಿಕೊಂಡು, "ಹಂಗಾರ ನಂದೂ ಒಂದು ತಗೀರಿ" ಎಂದರು.

ಕಾಕಾ ಎಷ್ಟು ಅವಸರದಲ್ಲಿ ಕ್ಯಾಮೆರಾ ಬಿಚ್ಚಿದರೆಂದರೆ, ಬೇಳೆಯ ಭಾರಕ್ಕೆ ದುರ್ಬೀನು ಮುಗ್ಗರಿಸಿತು. ನಾನು ಅದನ್ನು ಅಪ್ಪಿ ಹಿಡಿದು ನಿಂತೆ. ಕಾಕಾ ಕ್ಯಾಮೆರಾಕ್ಕೆ ಅದರ ಮಸೂರ ಹಚ್ಚಿ ಕಾಕುನ ಫೋಟೋ ತೆಗೆದರು.

ಕಾಕಾ ತೀರಿಕೊಂಡ ಮೇಲೆ ಕಾಕು ಈ ಚೀಲವನ್ನು ನನ್ನ ಕೈಗಿಟ್ಟು ಚಿಂಚೋಳಿಯ ಮಗಳ ಮನೆಗೆ ಹೋದರು. ನಿನ್ನೆ ಮತ್ತೆ ಚಂದ್ರನ ಚಿತ್ರ ತೆಗೆದು ಅವರಿಗೆ ಕಳಿಸಿದೆ. ಕೂಡಲೇ ಫೋನ್ ಬಂತು: "ಭಾಳ ಚಲೋ ಬಂದದ. ಆದ್ರ ಅವರು ಇದ್ದಿದ್ರ ಇನ್ನೊಂಚೂರು ಎಡಕ್ಕ ಸರಸು ಅಂತಿದ್ರು ನೋಡವ್ವಾ."

ನಿಜ... ಹಾಗೆನ್ನುವವರು ಈಗಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ದುರ್ಬೀನನ್ನು ಒಂಚೂರು ಎಡಕ್ಕೆ ಸರಿಸಿದೆ.